ಮಟ್ಟಿನ ಅಡಿಯ ಲಯ: ರಾಕ್ ಮತ್ತು ಐರಿಷ್ ಪರಂಪರೆಯ ನಡುವೆ ಡೋನಲ್ ಲನ್ನಿ

ಐರ್ಲೆಂಡಿನ ಪಾರಂಪರಿಕ ಸಂಗೀತವು ರಾಕ್ ಸಂಗೀತದೊಡನೆ ಕೂಡಿಕೊಂಡ ಬಗೆಯನ್ನು ವಿವರಿಸಹೊರಟವರು ಸಾಮಾನ್ಯವಾಗಿ ಎಲೆಕ್ಟ್ರಿಕ್ ಗಿಟಾರಿನಿಂದ ಆರಂಭಿಸುತ್ತಾರೆ. 1972ರಲ್ಲಿ ಡಬ್ಲಿನ್ನಿನ ಥಿನ್ ಲಿಝಿ ತಂಡವು ‘ವಿಸ್ಕಿ ಇನ್ ದ ಜಾರ್’ ಎಂಬ ಹಳೆಯ ಲಾವಣಿಯನ್ನು ಗಿಟಾರಿನ ಮೆರುಗಿನೊಡನೆ ಧ್ವನಿಮುದ್ರಿಸಿತು. ಮರುವರ್ಷ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿತು. ಹಾರ್ಸ್‌ಲಿಪ್ಸ್ ಎಂಬ ಇನ್ನೊಂದು ತಂಡವು 1973ರಲ್ಲಿ ‘ಓನೀಲ್ಸ್ ಮಾರ್ಚ್’ ಎಂಬ ಹಳೆಯ ನಡಿಗೆಯ ಮಟ್ಟನ್ನು ತೆಗೆದುಕೊಂಡು ಅದನ್ನೇ ‘ಜೆರಗ್ ಡೂಮ್’ ಹಾಡಿನ ಗಿಟಾರ್ ಪಲ್ಲವಿಯಾಗಿಸಿತು. ಇವೆರಡೂ ಯಶಸ್ವಿಯಾದ ಪ್ರಯೋಗಗಳೇ. ಆದರೆ ಇವುಗಳಲ್ಲಿ ರಾಕ್ ತನ್ನ ಜಾಗದಲ್ಲೇ ನಿಂತು ಪರಂಪರೆಯಿಂದ ತನಗೆ ಬೇಕಾದ ಸಾಮಗ್ರಿಯನ್ನು ಎತ್ತಿಕೊಂಡಿತು. ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ: ತಲೆಮಾರುಗಳಿಂದ ಯಾವ ಪಕ್ಕವಾದ್ಯದ ಹಂಗೂ ಇಲ್ಲದೆ ನಡೆದುಬಂದ ಒಂದು ಮಟ್ಟಿನ ಅಡಿಯಲ್ಲಿ, ಅದರ ಸ್ವಭಾವ ಕೆಡದಂತೆ, ಏನನ್ನು ನುಡಿಸಬೇಕು? ಈ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದವರು ಐರ್ಲೆಂಡಿನ ತಂತಿವಾದ್ಯಗಾರ ಡೋನಲ್ ಲನ್ನಿ. ಅವರು ವೇದಿಕೆಯ ಮುಂಭಾಗದ ಗಾಯಕರೂ ಅಲ್ಲ, ಮಟ್ಟನ್ನು ಮುನ್ನಡೆಸುವ ಪಿಟೀಲುಗಾರರೂ ಅಲ್ಲ. ಹಾಗಾಗಿ ಐರ್ಲೆಂಡಿನ ಹೊರಗೆ ಅವರ ಹೆಸರು ಅವರ ಕೆಲಸದಷ್ಟು ಪ್ರಚಲಿತವಾಗಿಲ್ಲ.

ಪ್ರಶ್ನೆ ಏಕೆ ಕಠಿಣ ಎಂಬುದು ತಿಳಿಯಬೇಕಾದರೆ ಆ ಸಂಗೀತದ ಕಟ್ಟಡವನ್ನು ಸ್ವಲ್ಪ ಒಳಹೊಕ್ಕು ನೋಡಬೇಕು. ಐರಿಷ್ ನೃತ್ಯದ ಮಟ್ಟುಗಳಲ್ಲಿ ಹೆಚ್ಚಿನವು ಎರಡು ಭಾಗಗಳವು. ಒಂದೊಂದು ಭಾಗಕ್ಕೆ ಎಂಟು ಆವರ್ತಗಳಿದ್ದು, ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸುವುದರಿಂದ ಒಂದು ಸುತ್ತಿಗೆ 32 ಆವರ್ತಗಳಾಗುತ್ತವೆ. ‘ರೀಲ್’ ಎಂಬ ಪ್ರಕಾರವನ್ನು ಚತುರಶ್ರ ನಡೆಯದೆಂದೂ ‘ಜಿಗ್’ ಎಂಬುದನ್ನು ತಿಶ್ರ ನಡೆಯದೆಂದೂ ಸ್ಥೂಲವಾಗಿ ಹೇಳಬಹುದು. ಒಂದು ಮಟ್ಟನ್ನು ಎರಡು ಮೂರು ಸುತ್ತು ನುಡಿಸಿ, ನಡುವೆ ಉಸಿರೂ ಬಿಡದೆ ಇನ್ನೊಂದಕ್ಕೆ ಹೊರಳುವುದು ವಾಡಿಕೆ. ಎಷ್ಟು ಜನ ಕೂಡಿ ನುಡಿಸಿದರೂ ಎಲ್ಲರೂ ನುಡಿಸುವುದು ಒಂದೇ ಮಟ್ಟನ್ನು. ಒಬ್ಬೊಬ್ಬರ ಗಮಕಗಳಲ್ಲಿ, ಕಮಾನಿನ ಎಳೆತದಲ್ಲಿ ಮಾತ್ರ ವ್ಯತ್ಯಾಸ. ಕುಣಿಯುವವರಿಗೆ ಬೇಕಾದ ತಾಳವೂ ಆ ಎಳೆತದೊಳಗೇ ಅಡಗಿರುತ್ತದೆ. ಅಂದರೆ ಈ ಸಂಗೀತಕ್ಕೆ ಮದ್ದಳೆಯೂ ಬೇಕಿಲ್ಲ, ಪಾಶ್ಚಾತ್ಯ ಸಂಗೀತದ ಸ್ವರಮೇಳವೂ ಬೇಕಿಲ್ಲ.

ಕರ್ನಾಟಕ ಸಂಗೀತವನ್ನು ಕೇಳಿ ಬಲ್ಲವರಿಗೆ ಇದರ ಸ್ವರವ್ಯವಸ್ಥೆ ತೀರ ಅಪರಿಚಿತವಾಗದು. ಅನೇಕ ಮಟ್ಟುಗಳ ಸ್ವರಸ್ಥಾನಗಳು ಶಂಕರಾಭರಣದವು; ಇನ್ನು ಬಹಳಷ್ಟು ಹರಿಕಾಂಬೋಜಿ ಮತ್ತು ಖರಹರಪ್ರಿಯದ ಸ್ವರಸ್ಥಾನಗಳಲ್ಲಿ ನಡೆಯುತ್ತವೆ. ಒಂದೇ ಮಟ್ಟಿನಲ್ಲಿ ಏರುವಾಗ ಒಂದು ನಿಷಾದ, ಇಳಿಯುವಾಗ ಇನ್ನೊಂದು ಬರುವುದೂ ಉಂಟು. ‘ಇಲನ್ ಪೈಪ್ಸ್’ ಎಂಬ ವಾದ್ಯದಲ್ಲಿ, ಮೊಣಕೈಯಡಿಯ ತಿದಿಯಿಂದ ಚೀಲಕ್ಕೆ ಗಾಳಿ ತುಂಬಿ ಮಟ್ಟು ನುಡಿಸುವಾಗ, ಮೂರು ಕೊಳವೆಗಳು ಆಧಾರಸ್ವರವನ್ನು ಎಡೆಬಿಡದೆ ಹಿಡಿದಿರುತ್ತವೆ. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವೇ ಅದು. ಪಾಶ್ಚಾತ್ಯ ಸ್ವರಮೇಳದ ಸಾಮಾನ್ಯ ರೂಪದಲ್ಲಿ ಷಡ್ಜ, ಗಾಂಧಾರ, ಪಂಚಮಗಳು ಒಟ್ಟಿಗೆ ನುಡಿಯುತ್ತವೆ. ಗಾಂಧಾರ ಯಾವುದೆಂಬುದರ ಮೇಲೆ ಅದು ‘ಮೇಜರ್’ ಅಥವಾ ‘ಮೈನರ್’ ಆಗುತ್ತದೆ. ಶ್ರುತಿಯೊಂದನ್ನೇ ನೆಚ್ಚಿದ ಮಟ್ಟೊಂದಕ್ಕೆ ಇಂಥ ಸ್ವರಮೇಳವನ್ನು ಹೆಜ್ಜೆಹೆಜ್ಜೆಗೂ ಜೋಡಿಸಿದರೆ, ಮಟ್ಟು ತಾನೇ ಹೇಳದೆ ಬಿಟ್ಟ ಸಂಗತಿಯನ್ನು ಪಕ್ಕವಾದ್ಯ ಬಲವಂತವಾಗಿ ಹೇಳಿಸಿದಂತಾಗುತ್ತದೆ.

ಲನ್ನಿಯವರಿಗಿಂತ ಮೊದಲು ಈ ದಿಕ್ಕಿನಲ್ಲಿ ಪ್ರಯತ್ನಗಳೇ ನಡೆದಿರಲಿಲ್ಲವೆಂದಲ್ಲ. ಇಪ್ಪತ್ತನೆಯ ಶತಮಾನದ ನೃತ್ಯಕೂಟಗಳ ‘ಕೇಲಿ’ ವಾದ್ಯವೃಂದಗಳಲ್ಲಿ ಪಿಯಾನೊ ಮತ್ತು ಡ್ರಮ್ಮುಗಳು ಸೇರಿಕೊಂಡಿದ್ದವು; ಅವುಗಳ ಕೆಲಸ ಬಹುಮಟ್ಟಿಗೆ ‘ಧುಂ-ತಕ್ಕ’ ಎಂದು ಹೆಜ್ಜೆ ಕಾಯುವುದಷ್ಟೇ ಆಗಿತ್ತು. 1960ರ ದಶಕದ ಆರಂಭದಲ್ಲಿ ಶಾನ್ ಓ ರಿಯಾಡ ಎಂಬ ಸಂಯೋಜಕರು ‘ಕ್ಯೋಲ್ತೋರಿ ಕೂಲನ್’ ಎಂಬ ತಂಡವನ್ನು ಕಟ್ಟಿ, ಪಾರಂಪರಿಕ ವಾದ್ಯಗಳು ಸರದಿಯ ಮೇಲೆ ಮಾತಾಡುವಂಥ ಕಛೇರಿಯ ಕ್ರಮವನ್ನು ರೂಪಿಸಿದರು. ಚೀಫ್ಟನ್ಸ್ ತಂಡ ಹುಟ್ಟಿದ್ದು ಆ ಬಳಗದಿಂದಲೇ. ಇತ್ತ ಅಮೆರಿಕದಲ್ಲಿ ಹೆಸರು ಮಾಡಿದ ಐರಿಷ್ ಗಾಯಕರಾದ ಕ್ಲ್ಯಾನ್ಸಿ ಸಹೋದರರ ಪ್ರಭಾವದಿಂದ, ಗಿಟಾರ್ ಮೀಟುತ್ತ ಲಾವಣಿ ಹಾಡುವ ಗುಂಪುಗಳು ಊರೂರಲ್ಲೂ ಎದ್ದವು. ವಾದ್ಯಸಂಗೀತ ಒಂದು ಕಡೆ, ಗಿಟಾರಿನ ಹಾಡುಗಾರಿಕೆ ಒಂದು ಕಡೆ, ಯುವಜನರು ರೇಡಿಯೊದಲ್ಲಿ ಕೇಳುತ್ತಿದ್ದ, ಗಿಟಾರ್-ಡ್ರಮ್ಮುಗಳ ಬೀಟ್ ಸಂಗೀತ ಮತ್ತೊಂದು ಕಡೆ ಎಂಬಂತಿದ್ದ ಕಾಲವದು.

ಲನ್ನಿ ಹುಟ್ಟಿದ್ದು 1947ರಲ್ಲಿ, ಆಫಲಿ ಕೌಂಟಿಯ ಟಲಮೋರ್‌ನಲ್ಲಿ. ಬೆಳೆದದ್ದು ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್‌ನಲ್ಲಿ. ತಾಯಿ ಡೊನಿಗಾಲ್‌ನ ಐರಿಷ್ ಭಾಷಿಕ ಪ್ರದೇಶದವರು. ಅದೇ ನ್ಯೂಬ್ರಿಜ್‌ನ, ಅವರಿಗಿಂತ ಎರಡು ವರ್ಷ ಹಿರಿಯ ಹುಡುಗ ಕ್ರಿಸ್ಟಿ ಮೂರ್. ಮುಂದೆ ಐರ್ಲೆಂಡಿನ ಅತ್ಯಂತ ಜನಪ್ರಿಯ ಜಾನಪದ ಗಾಯಕರಾದ ಮೂರ್ ಅವರಿಗೆ ಗಿಟಾರ್ ಹಿಡಿಯಲು ಕಲಿಸಿದವರೇ ಲನ್ನಿ. ಡಬ್ಲಿನ್ನಿನ ಕಲಾಶಾಲೆಯಲ್ಲಿ ವಿನ್ಯಾಸ ಕಲಿತ ಲನ್ನಿ, ಲೋಹದ ಕೆಲಸದಲ್ಲಿ ಪಳಗಿ, ಸ್ವಲ್ಪ ಕಾಲ ಚಿನ್ನಬೆಳ್ಳಿಯ ಕುಸುರಿಗಾರರೂ ಆಗಿದ್ದರು. ಅವರ ವಾದ್ಯಸಂಯೋಜನೆಯ ಅಚ್ಚುಕಟ್ಟಿಗೆ ಈ ಕಸುಬೇ ಕಾರಣವೆಂದು ಹೇಳುವ ಆಸೆಯಾಗುತ್ತದೆಯಾದರೂ ಅದು ಬರಿಯ ಊಹೆ. 1968ರಲ್ಲಿ ಅವರಿದ್ದ ಎಮೆಟ್ ಸ್ಪೈಸ್‌ಲ್ಯಾಂಡ್ ಎಂಬ ಗಾಯಕರ ತಂಡದ ‘ಮೇರಿ ಫ್ರಮ್ ಡಂಗ್ಲೋ’ ಹಾಡು ಐರ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಆ ತಂಡ ಜಾನಪದ ಹಾಡುಗಳನ್ನು ನಯವಾದ ಪಾಪ್ ಶೈಲಿಯಲ್ಲಿ ಹಾಡುತ್ತಿತ್ತು. ಲನ್ನಿಯವರ ಮುಂದಿನ ದಾರಿಯ ಸುಳಿವು ಅದರಲ್ಲಿ ಸಿಗುವುದು ಕಡಿಮೆ.

ದಾರಿ ತೆರೆದದ್ದು ಒಂದು ಪರದೇಶದ ವಾದ್ಯ. ಬುಝೂಕಿ ಗ್ರೀಸ್ ದೇಶದ್ದು. ಉದ್ದ ಕತ್ತು, ನಾಲ್ಕು ಜೋಡಿಯಾಗಿ ಎಂಟು ತಂತಿಗಳು, ಹಲಸಿನ ತೊಳೆಯಂತೆ ಉಬ್ಬಿದ ಬೆನ್ನು. 1960ರ ದಶಕದ ಮಧ್ಯದಲ್ಲಿ ಅದನ್ನು ಐರಿಷ್ ಸಂಗೀತಕ್ಕೆ ತಂದವರು ಜಾನಿ ಮೊಯ್ನಹನ್. ಅವರ ಸಹವಾದಕ ಆಂಡಿ ಅರ್ವೈನ್ ಮೂಲಕ ವಾದ್ಯ ಲನ್ನಿಯವರ ಕೈಗೆ ಬಂತು. ಲನ್ನಿ ಎಡಗೈಯವರಾದ್ದರಿಂದ ತಂತಿಗಳನ್ನು ತಿರುಗುಮುರುಗಾಗಿ ಕಟ್ಟಿಕೊಂಡರು, ಅಷ್ಟಕ್ಕೇ ನಿಲ್ಲಿಸಲಿಲ್ಲ. ಗ್ರೀಕ್ ಪದ್ಧತಿಯಲ್ಲಿ ಕೆಳಗಿನ ಎರಡು ಜೋಡಿಗಳಲ್ಲಿ ಒಂದು ತಂತಿ ದಪ್ಪ, ಒಂದು ತೆಳು. ಎರಡಕ್ಕೂ ನಡುವೆ ಒಂದು ಸ್ಥಾಯಿಯ ಅಂತರ. ಅದರಿಂದ ಮಿನುಗುವ ನಾದ ಬರುತ್ತದೆ, ಆದರೆ ತಳ ತೆಳುವಾಗುತ್ತದೆ. ಲನ್ನಿ ತೆಳು ತಂತಿಗಳನ್ನು ತೆಗೆದು, ಎರಡನ್ನೂ ಒಂದೇ ಸ್ವರಕ್ಕೆ ಕೂಡಿಸಿದರು. ಬಳಿಕ ಪೀಟರ್ ಆಬ್ನೆಟ್ ಎಂಬ ಇಂಗ್ಲಿಷ್ ವಾದ್ಯ ತಯಾರಕರು ಅವರಿಗಾಗಿ ಹೊಸ ವಿನ್ಯಾಸದ ಬುಝೂಕಿಯನ್ನು ಮಾಡಿಕೊಟ್ಟರು. ಇಂದು ಜಗತ್ತು ‘ಐರಿಷ್ ಬುಝೂಕಿ’ ಎಂದು ಕರೆಯುವ ವಾದ್ಯ ರೂಪುಗೊಂಡದ್ದು ಇಂಥ ಬದಲಾವಣೆಗಳಿಂದ.

ಶ್ರುತಿ ಕೂಡಿಸುವ ಕ್ರಮವೂ ಬದಲಾಗಿತ್ತು. ಮೊಯ್ನಹನ್ ಆರಂಭಿಸಿದ ಕ್ರಮದಲ್ಲಿ ನಾಲ್ಕು ಜೋಡಿಗಳು ಕೆಳಗಿನಿಂದ ಜಿ, ಡಿ, ಎ, ಡಿ ಸ್ವರಗಳಿಗೆ ಕೂಡಿರುತ್ತವೆ. ಐರಿಷ್ ವಾದ್ಯಗಳಲ್ಲಿ ಬಹುಪಾಲಿಗೆ ಸಹಜ ಆಧಾರವಾದ ಡಿ ಸ್ವರವನ್ನು ಷಡ್ಜವೆಂದುಕೊಂಡರೆ, ತಂತಿಗಳು ಮಧ್ಯಮ, ಷಡ್ಜ, ಪಂಚಮ, ಮೇಲಿನ ಷಡ್ಜ ಎಂದು ನುಡಿಯುತ್ತವೆ. ಇಲ್ಲಿ ಗಾಂಧಾರವೇ ಇಲ್ಲ! ಬೆರಳಿಟ್ಟು ತಂದುಕೊಂಡರೆ ಮಾತ್ರ ಉಂಟು. ಹೀಗಾಗಿ ಮೀಟಿದ ಸ್ವರಮೇಳ ಮೇಜರೂ ಅಲ್ಲ, ಮೈನರೂ ಅಲ್ಲ. ಆ ನಿರ್ಧಾರವನ್ನು ಅದು ಮಟ್ಟಿಗೇ ಬಿಟ್ಟುಕೊಡುತ್ತದೆ. ತಂತಿಗಳಲ್ಲಿ ಒಂದೆರಡು ಸದಾ ತೆರೆದು ಮೊಳಗುವುದರಿಂದ ಪೈಪ್ಸಿನ ಆಧಾರಸ್ವರದ ಗುಣವೂ ಉಳಿಯುತ್ತದೆ, ಬಲಿಷ್ಠ ಮೀಟಿನಿಂದ ರಾಕ್ ಗಿಟಾರಿನ ತಳ್ಳುಬಲವೂ ಒದಗುತ್ತದೆ. ರಾಕ್ ಗಿಟಾರಿಗರು ತಮ್ಮ ಕಾರಣಗಳಿಗಾಗಿ ಗಾಂಧಾರವನ್ನು ಬಿಟ್ಟು ಬರಿಯ ಷಡ್ಜ-ಪಂಚಮಗಳ ‘ಪವರ್ ಕಾರ್ಡ್’ ನುಡಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡು ಸಂಗೀತಗಳು ತಳಮಟ್ಟದಲ್ಲಿ ಸಂಧಿಸುವ ಜಾಗ ಇದೇ ಎಂದು ನನ್ನ ಎಣಿಕೆ. ಧ್ವನಿವರ್ಧಕದ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಕ್ರಿಸ್ಟಿ ಮೂರ್ ಅವರ ‘ಪ್ರಾಸ್ಪರಸ್’ ಎಂಬ ಸಂಪುಟಕ್ಕಾಗಿ ಕಿಲ್ಡೇರ್‌ನ ಅದೇ ಹೆಸರಿನ ಊರಿನ ಮನೆಯೊಂದರ ನೆಲಮಾಳಿಗೆಯಲ್ಲಿ ನಡೆದ ಧ್ವನಿಮುದ್ರಣಕ್ಕೆ ಲನ್ನಿ, ಆಂಡಿ ಅರ್ವೈನ್ ಮತ್ತು ಪೈಪ್ಸ್ ವಾದಕ ಲಿಯಮ್ ಓಫ್ಲಿನ್ ಸೇರಿದ್ದರು. ಈ ನಾಲ್ವರೇ 1972ರಲ್ಲಿ ‘ಪ್ಲಾಂಕ್ಸ್ಟಿ’ ತಂಡವಾದರು. 1973ರ ಅವರ ಮೊದಲ ಸಂಪುಟದ ಆರಂಭವನ್ನು ಗಮನವಿಟ್ಟು ಕೇಳಿದರೆ ಮೇಲೆ ಹೇಳಿದ್ದೆಲ್ಲವೂ ಕಿವಿಗೆ ಸ್ಪಷ್ಟವಾಗುತ್ತದೆ. ಮೂರ್ ಹಾಡುವುದು ‘ರ‍್ಯಾಗಲ್ ಟ್ಯಾಗಲ್ ಜಿಪ್ಸಿ’ ಎಂಬ ಲಾವಣಿಯನ್ನು. ಅದನ್ನು ಅವರು ಕಲಿತದ್ದು ಜಾನ್ ರೈಲಿ ಎಂಬ ಅಲೆಮಾರಿ ಸಮುದಾಯದ ಗಾಯಕರಿಂದ. ಲನ್ನಿಯವರ ಬುಝೂಕಿಯೂ ಅರ್ವೈನ್‌ರ ಮ್ಯಾಂಡೊಲಿನ್ನೂ ಒಂದೇ ಮೀಟನ್ನು ಇಮ್ಮಡಿಗೊಳಿಸದೆ, ಒಂದು ಬಿಟ್ಟ ಎಡೆಯಲ್ಲಿ ಇನ್ನೊಂದು ನುಡಿಯುತ್ತ, ಹೆಣಿಗೆಯಾಗಿ ಸಾಗುತ್ತವೆ. ಹಾಡು ಮುಗಿದಾಗ ನಿಲುಗಡೆಯಿಲ್ಲ. ತಂತಿಗಳು ವೇಗ ತಗ್ಗಿಸಿಕೊಂಡು, ಹದಿನೇಳನೆಯ ಶತಮಾನದ ಹಾರ್ಪ್ ವಾದಕ ರೂರಿ ದಾಲ್ ಓ ಕಹಾನ್ ಅವರದೆಂದು ಹೇಳಲಾಗುವ ‘ತೌರ್ ದಮ್ ದೊ ಲಾವ್’ ಎಂಬ ಗಂಭೀರವಾದ ಮಟ್ಟಿಗೆ ಜಾರುತ್ತವೆ, ಪೈಪ್ಸ್ ಬಂದು ಅದನ್ನು ತುಂಬುತ್ತದೆ. ಬೀದಿಬದಿಯ ಲಾವಣಿ, ಶ್ರೀಮಂತರ ಆಸ್ಥಾನದ ಹಾರ್ಪ್ ಸಂಗೀತ, ಗ್ರೀಸಿನ ತಂತಿವಾದ್ಯ, ಇವೆಲ್ಲ ಐದು ನಿಮಿಷದೊಳಗೆ ಒಂದೇ ಸಂಗೀತವಾಗಿ ಕೇಳಿಸುತ್ತವೆ. ಇದರಲ್ಲಿ ಡ್ರಮ್ಮೂ ಇಲ್ಲ, ಎಲೆಕ್ಟ್ರಿಕ್ ಗಿಟಾರೂ ಇಲ್ಲ. ಆದರೂ ಅಂದಿನ ಯುವಕರು ರಾಕ್ ತಂಡವೊಂದಕ್ಕೆ ಕೊಡುವಂಥದೇ ಉತ್ಸಾಹದಿಂದ ಪ್ಲಾಂಕ್ಸ್ಟಿಯನ್ನು ಸ್ವಾಗತಿಸಿದರು.

1973ರಲ್ಲಿ ಲನ್ನಿ ಪ್ಲಾಂಕ್ಸ್ಟಿಯನ್ನು ಬಿಟ್ಟರು. 1975ರಲ್ಲಿ ಹುಟ್ಟಿದ ‘ಬಾಥಿ ಬ್ಯಾಂಡ್’ ಹಾಡಿಗಿಂತ ವಾದನಕ್ಕೆ ಪ್ರಾಧಾನ್ಯ ಕೊಟ್ಟ ತಂಡ. ಮುಂದೆ ಮೂರು ವಾದ್ಯಗಳು: ಮ್ಯಾಟ್ ಮಲಾಯ್‌ರ ಕೊಳಲು, ಪ್ಯಾಡಿ ಕೀನನ್‌ರ ಪೈಪ್ಸ್, ಟಾಮಿ ಪೀಪಲ್ಸ್‌ರ (ಬಳಿಕ ಕೆವಿನ್ ಬರ್ಕ್‌ರ) ಪಿಟೀಲು. ಹಿಂದೆ ಮೂರು ವಾದ್ಯಗಳು: ಲನ್ನಿಯವರ ಬುಝೂಕಿ, ಮಿಹಾಲ್ ಓ ಡೋನಲ್‌ರ ಗಿಟಾರ್, ಅವರ ಸೋದರಿ ಟ್ರಿಯೋನಾ ಅವರ ಕ್ಲಾವಿನೆಟ್. ಕ್ಲಾವಿನೆಟ್ ಎಂಬುದು ಆ ಕಾಲದ ಅಮೆರಿಕದ ಫಂಕ್ ಸಂಗೀತದಲ್ಲಿ ಮೆರೆಯುತ್ತಿದ್ದ ವಿದ್ಯುತ್ ಕೀಲಿಮಣೆ ವಾದ್ಯ; ಅದನ್ನು ಐರಿಷ್ ರೀಲಿನ ಅಡಿಗೆ ತಂದು ಕೂರಿಸಿದ್ದು ಸಣ್ಣ ಧೈರ್ಯವಲ್ಲ. ರಾಕ್ ತಂಡದಲ್ಲಿ ಬಾಸ್ ಗಿಟಾರ್ ಮತ್ತು ಡ್ರಮ್ ಸೇರಿ ಮಾಡುವ ಕೆಲಸವನ್ನು ಈ ಮೂವರು ಡ್ರಮ್ಮಿಲ್ಲದೆಯೇ ಮಾಡಿದರು. ಅವರ ಬತ್ತಳಿಕೆಯಲ್ಲಿದ್ದ ಅತ್ಯಂತ ಪರಿಣಾಮಕಾರಿ ಬಾಣವೆಂದರೆ ಮೌನ. ಮಟ್ಟಿನ ಒಂದು ಭಾಗ ಮುಗಿಯುತ್ತಿದ್ದಂತೆ ತಂತಿಗಳು ಥಟ್ಟನೆ ನಿಲ್ಲುತ್ತವೆ. ಪಿಟೀಲು, ಕೊಳಲು, ಪೈಪ್ಸ್ ಹಿಂದಿನ ಕಾಲದಲ್ಲಿದ್ದಂತೆಯೇ ಒಂಟಿಯಾಗಿ ಮಟ್ಟು ಹಿಡಿದು ಓಡುತ್ತವೆ. ಮುಂದಿನ ಭಾಗದ ಮೊದಲ ಹೊಡೆತಕ್ಕೆ ಮೂರೂ ತಂತಿವಾದ್ಯಗಳು ಒಟ್ಟಿಗೆ ಎರಗುತ್ತವೆ. ಪಕ್ಕವಾದ್ಯವಿಲ್ಲದ ಹಳೆಯ ಸಂಗೀತವೂ ಪಕ್ಕವಾದ್ಯದ ಹೊಸ ಸಂಗೀತವೂ ಒಂದೇ ಮಟ್ಟಿನೊಳಗೆ ಅಕ್ಕಪಕ್ಕ ನಿಂತಂತಾಗುತ್ತದೆ. ನಾಲ್ಕೇ ವರ್ಷ ಬಾಳಿದ ಈ ತಂಡದ ಪ್ರಭಾವ ಮುಂದಿನ ತಲೆಮಾರಿನ ಬಹುತೇಕ ತಂಡಗಳ ಮೇಲೆ ಕಾಣುತ್ತದೆ.

ಇಷ್ಟಾದ ಮೇಲೆ ಲನ್ನಿ ಮತ್ತು ಮೂರ್ ನಿಜವಾದ ರಾಕ್ ತಂಡವನ್ನೇ ಕಟ್ಟಿದರು. 1981ರ ‘ಮೂವಿಂಗ್ ಹಾರ್ಟ್ಸ್’ನಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಡೆಕ್ಲನ್ ಸಿನಟ್, ಸ್ಯಾಕ್ಸೊಫೋನಿಗೆ ಕೀತ್ ಡೊನಲ್ಡ್, ಬಾಸಿಗೆ ಓಯಿನ್ ಓನೀಲ್, ಡ್ರಮ್ಮಿಗೆ ಬ್ರಯನ್ ಕಾಲ್ನನ್, ಪೈಪ್ಸಿಗೆ ಡೇವಿ ಸ್ಪಿಲೇನ್. ಡಬ್ಲಿನ್ನಿನ ಬ್ಯಾಗಟ್ ಇನ್ ಎಂಬ ಪಬ್ಬಿನಲ್ಲಿ ಅವರ ಕಛೇರಿಗಳು ಜನರಿಂದ ಕಿಕ್ಕಿರಿಯುತ್ತಿದ್ದವು. ಅದು ಉತ್ತರ ಐರ್ಲೆಂಡಿನ ಸೆರೆಮನೆಯಲ್ಲಿ ಉಪವಾಸ ಸತ್ಯಾಗ್ರಹ ನಡೆಸಿದ ಹತ್ತು ಕೈದಿಗಳು ಸತ್ತ ವರ್ಷ. ತಂಡದ ಹಾಡುಗಳಲ್ಲಿ ಅಂದಿನ ರಾಜಕೀಯ ನೇರವಾಗಿ ಬರುತ್ತಿತ್ತು. ಅಣ್ವಸ್ತ್ರಗಳ ವಿರುದ್ಧದ ಹಾಡೂ, ಅಮೆರಿಕದ ಜ್ಯಾಕ್ಸನ್ ಬ್ರೌನ್‌ರ ಹಾಡೂ ಅವುಗಳ ಜೊತೆಗಿದ್ದವು.

ಸಂಗೀತದ ದೃಷ್ಟಿಯಿಂದ ಮೂವಿಂಗ್ ಹಾರ್ಟ್ಸ್ ಎದುರಿಸಿದ ತೊಡಕುಗಳು ಹಿಂದಿನ ತಂಡಗಳಿಗಿಂತ ಭಿನ್ನ. ಮೊದಲನೆಯದು ಪೈಪ್ಸಿನದೇ. ಜೊಂಡಿನ ನಾಲಿಗೆಯಿಂದ ನುಡಿಯುವ ಈ ವಾದ್ಯ ಕೋಣೆಯ ಉಷ್ಣತೆ, ತೇವಗಳಿಗೆ ತಕ್ಕಂತೆ ಶ್ರುತಿ ಬದಲಿಸುತ್ತದೆ. ಪಕ್ಕದಲ್ಲಿರುವ ಬಾಸ್ ಗಿಟಾರು ಅದಕ್ಕಾಗಿ ಶ್ರುತಿ ಬದಲಿಸಿಕೊಳ್ಳಲಾರದು. ಪೈಪ್ಸಿನ ನಾದವೂ ಡ್ರಮ್ಮಿನ ಗದ್ದಲದಲ್ಲಿ ಮುಳುಗುವಂಥದು. ಎರಡನೆಯದು ತಾಳದ ತೊಡಕು. ರಾಕ್ ಡ್ರಮ್ಮು ಒತ್ತು ಕೊಡುವುದು ನಾಲ್ಕರಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳಿಗೆ. ರೀಲಿನಂಥ ವೇಗದ ಮಟ್ಟಿಗೆ ಅದನ್ನು ಹಾಗೆಯೇ ಹಚ್ಚಿದರೆ ಮಟ್ಟಿನೊಳಗಿನ ಸೂಕ್ಷ್ಮ ಒತ್ತುಗಳೆಲ್ಲ ಅಳಿಸಿಹೋಗಿ ಬರಿಯ ನಾಗಾಲೋಟ ಉಳಿಯುತ್ತದೆ. ಇದಕ್ಕೆ ಒಂದು ಪರಿಹಾರವೆಂದರೆ ಡ್ರಮ್ಮು ಮತ್ತು ಬಾಸ್‌ಗಳನ್ನು ಅರ್ಧ ಕಾಲದಲ್ಲಿ ನಡೆಸುವುದು. ನಮ್ಮವರು ಎರಡನೆಯ ಕಾಲದಲ್ಲಿ ಹಾಡುತ್ತಿರುವಾಗ ತಾಳ ಮೊದಲನೆಯ ಕಾಲದಲ್ಲೇ ಇರುವ ಹಾಗೆ. ಆಗ ಮಟ್ಟು ಮೇಲೆ ತನ್ನ ವೇಗದಲ್ಲಿ ಹರಿಯುತ್ತದೆ, ಕೆಳಗೆ ವಿಶಾಲವಾದ ನೆಲವಿರುತ್ತದೆ, ಎರಡನ್ನೂ ಬುಝೂಕಿ ಹೊಲಿದು ಹಿಡಿಯುತ್ತದೆ.

ಹಣದ ಲೆಕ್ಕ ಮಾತ್ರ ಹೊಂದಲಿಲ್ಲ. ಸಹಕಾರಿ ಪದ್ಧತಿಯಲ್ಲಿ ನಡೆಸಿದ ಈ ದೊಡ್ಡ ತಂಡ ಸಾಲದ ಹೊರೆಯಿಂದ ಕುಸಿಯಿತು. ಮೂರ್ 1982ರಲ್ಲೇ ಹೊರಟಿದ್ದರು. ಆದರೆ ತಂಡದ ಕೊನೆಯ ಸ್ಟುಡಿಯೊ ಸಂಪುಟವಾದ, 1985ರ ‘ದ ಸ್ಟಾರ್ಮ್’, ಹಾಡೇ ಇಲ್ಲದ, ಇಬ್ಬರು ಪೈಪ್ಸ್ ವಾದಕರಿರುವ ಕೃತಿ. ಲನ್ನಿಯವರ ಉತ್ತರದ ಅತ್ಯಂತ ಪಕ್ವ ರೂಪ ಅದರಲ್ಲಿದೆಯೆಂದು ಹೇಳಲು ನನಗೆ ಅಳುಕಿಲ್ಲ. ಅದರಲ್ಲಿನ ‘ಟ್ರಿಬ್ಯೂಟ್ ಟು ಪೇದರ್ ಒಡಾನಲ್’ ಎಂಬ ವಿಳಂಬ ಗತಿಯ ಮಟ್ಟು ಲನ್ನಿಯವರದೇ ರಚನೆ. ಅದು ಡೊನಿಗಾಲ್‌ನ ಸಮಾಜವಾದಿ ಲೇಖಕರೊಬ್ಬರಿಗೆ, ಅವರಿನ್ನೂ ಬದುಕಿದ್ದಾಗಲೇ, ಸಲ್ಲಿಸಿದ ಗೌರವ. ಸದಾ ಪರರ ಮಟ್ಟಿಗೆ ಆಸರೆಯಾಗಿದ್ದವರು ರಚಿಸಿದ ಮಟ್ಟು ಇಂದು ಐರ್ಲೆಂಡಿನ ಪಾರಂಪರಿಕ ವಾದಕರ ಸಂಗ್ರಹದಲ್ಲಿ ಹಳೆಯ ಮಟ್ಟುಗಳ ಜೊತೆಗೇ ಸೇರಿಹೋಗಿದೆ.

ಈ ನಡುವೆ, ಮರುಗೂಡಿದ್ದ ಪ್ಲಾಂಕ್ಸ್ಟಿಯ ಮೂಲಕ ಇನ್ನೊಂದು ಬೀಜ ಬಿದ್ದಿತ್ತು. ಯುರೋಪಿನ ದೇಶಗಳ ನಡುವಣ ಯೂರೋವಿಷನ್ ಗಾಯನಸ್ಪರ್ಧೆ 1981ರಲ್ಲಿ ಡಬ್ಲಿನ್ನಿನಲ್ಲಿ ನಡೆದಾಗ, ಮತ ಎಣಿಕೆಯ ಬಿಡುವಿನಲ್ಲಿ ಪ್ರದರ್ಶಿಸಲು ಲನ್ನಿ ಮತ್ತು ಸಂಯೋಜಕ ಬಿಲ್ ವೀಲನ್ ಸೇರಿ ‘ಟೈಮ್‌ಡ್ಯಾನ್ಸ್’ ಎಂಬ ಕೃತಿಯನ್ನು ರಚಿಸಿದರು. ಪ್ಲಾಂಕ್ಸ್ಟಿ ನುಡಿಸಿತು, ಬ್ಯಾಲೆ ಕಲಾವಿದರು ಕುಣಿದರು. ಹದಿಮೂರು ವರ್ಷಗಳ ಬಳಿಕ ಅಂಥದೇ ಬಿಡುವಿಗೆಂದು ವೀಲನ್ ರಚಿಸಿದ್ದೇ ‘ರಿವರ್‌ಡ್ಯಾನ್ಸ್’. ಜಗತ್ತೆಲ್ಲ ಸುತ್ತಿದ ಆ ನೃತ್ಯಪ್ರದರ್ಶನಕ್ಕೆ ಪೂರ್ವರಂಗ ಸಿದ್ಧವಾದದ್ದು ಹೀಗೆ. ಹೊರಗಿನ ರಾಕ್ ಕಲಾವಿದರೂ ಈ ನಾದವನ್ನು ಅರಸಿ ಬಂದರು. ಕೇಟ್ ಬುಷ್ ಅವರ 1982ರ ‘ದ ಡ್ರೀಮಿಂಗ್’, 1985ರ ‘ಹೌಂಡ್ಸ್ ಆಫ್ ಲವ್’ ಮತ್ತು 1989ರ ‘ದ ಸೆನ್ಸುಯಲ್ ವರ್ಲ್ಡ್’ ಸಂಪುಟಗಳಲ್ಲಿ ಲನ್ನಿಯವರ ಬುಝೂಕಿ ಇದೆ. ಅಲ್ಲಿ ಅದು ಐರಿಷ್ ಬಣ್ಣ ಬಳಿಯುವ ಅಲಂಕಾರವಾಗದೆ, ಹಾಡಿನ ತಿರುವಿನಲ್ಲಿ ಲಯವನ್ನೇ ಬದಲಿಸುವ ಕೀಲಾಗಿ ಬರುತ್ತದೆ.

ಎಲ್ಲರೂ ಇದನ್ನು ಮೆಚ್ಚಿದರೆಂದಲ್ಲ. 1990ರ ದಶಕದಲ್ಲಿ ಪರಂಪರೆ ಮತ್ತು ಬದಲಾವಣೆಯ ಬಗ್ಗೆ ಐರ್ಲೆಂಡಿನಲ್ಲಿ ಬಿಸಿಯಾದ ಚರ್ಚೆ ನಡೆಯಿತು. 1996ರಲ್ಲಿ ಡಬ್ಲಿನ್ನಿನಲ್ಲಿ ಅದಕ್ಕಾಗಿಯೇ ಒಂದು ಸಮ್ಮೇಳನ ಸೇರಿತು. ಅಕಾರ್ಡಿಯನ್ ವಾದಕ ಟೋನಿ ಮೆಕ್‌ಮಹನ್ ಹೊಸತನದ ಹೆಸರಿನ ಬೆರಕೆಯನ್ನು ಕಟುವಾಗಿ ವಿರೋಧಿಸಿದವರಲ್ಲಿ ಪ್ರಮುಖರು. ವಿಶೇಷವೆಂದರೆ ಬಾಥಿ ಬ್ಯಾಂಡ್ ರೂಪುಗೊಳ್ಳುವ ಮೊದಲಿನ ಕೂಟದಲ್ಲಿ ಅವರೂ ಇದ್ದರು. ಇಂಥ ಆಕ್ಷೇಪಗಳ ತಿರುಳನ್ನು ತಳ್ಳಿಹಾಕುವಂತಿಲ್ಲ. ಸ್ಥಿರವಾದ ಮೀಟು ಅಡಿಯಲ್ಲಿ ಬಂದೊಡನೆ ಮಟ್ಟು ನುಡಿಸುವವರು ಅದಕ್ಕೆ ಕಟ್ಟುಬೀಳುತ್ತಾರೆ, ತಮಗೆ ಬೇಕಾದೆಡೆ ಕ್ಷಣಮಾತ್ರ ತಡೆದು ನಿಲ್ಲುವ, ಒಂದು ಸ್ವರವನ್ನು ಎಳೆದು ಇನ್ನೊಂದನ್ನು ನುಂಗುವ ಸ್ವಾತಂತ್ರ್ಯ ಕುಗ್ಗುತ್ತದೆ, ವೇಗ ಏರುತ್ತದೆ. ಬಾಥಿ ಬ್ಯಾಂಡನ್ನು ಅನುಕರಿಸಿದ ಎಷ್ಟೋ ತಂಡಗಳು ವೇಗವನ್ನು ಕಲಿತವೇ ಹೊರತು ಮೌನವನ್ನು ಕಲಿಯಲಿಲ್ಲ. ಅದರ ಹೊಣೆಯನ್ನು ಲನ್ನಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲದಿದ್ದರೂ ಅವರು ತೆರೆದ ದಾರಿಯಲ್ಲೇ ಅದು ನಡೆಯಿತು ಎಂಬುದು ದಿಟ.

ಲನ್ನಿ ಸ್ವತಃ ಎರಡೂ ದಡಗಳ ನಡುವೆ ಓಡಾಡುತ್ತಲೇ ಇದ್ದರು. 1998ರ ‘ಕೂಲ್‌ಫಿನ್’ ತಂಡದಲ್ಲಿ ನೊಲಿಗ್ ಕೇಸಿಯವರ ಪಿಟೀಲು, ಶ್ಯಾರನ್ ಶ್ಯಾನನ್‌ರ ಅಕಾರ್ಡಿಯನ್, ಜಾನ್ ಮೆಕ್‌ಶೆರಿಯವರ ಪೈಪ್ಸ್‌ಗಳ ಅಡಿಗೆ ಮತ್ತೆ ಬಾಸ್ ಮತ್ತು ಡ್ರಮ್ಮುಗಳನ್ನು ಕೂರಿಸಿದರು. 2002ರಲ್ಲಿ ರಾಕ್ ಗಾಯಕಿ ಶಿನೇಡ್ ಓಕಾನರ್ ಪಾರಂಪರಿಕ ಹಾಡುಗಳನ್ನೇ ಆಯ್ದು ಹಾಡಿದ ‘ಶಾನ್ ನೋಸ್ ನೂವ’ ಸಂಪುಟದ ನಿರ್ಮಾಣದಲ್ಲಿ ಅವರ ಕೈಯಿತ್ತು. 2004ರಲ್ಲಿ ಪ್ಲಾಂಕ್ಸ್ಟಿಯ ಮೂಲ ನಾಲ್ವರು ಡಬ್ಲಿನ್ನಿನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ ಮತ್ತೆ ಒಟ್ಟಿಗೆ ಕುಳಿತರು. 2007ರಲ್ಲಿ ಮೂವಿಂಗ್ ಹಾರ್ಟ್ಸ್ ಕೂಡ ಅಲ್ಲೇ ಮರುಗೂಡಿತು. ಬಳಿಕ ಅವರು ಸೇರಿದ ‘ಅಶರ್ಸ್ ಐಲೆಂಡ್’ ತಂಡದಲ್ಲಿ ಡ್ರಮ್ಮಿರಲಿಲ್ಲ. ತಂತಿಗಳ ಹೆಣಿಗೆಯೇ ಸಾಕಾಗಿತ್ತು.

ಇಂದು ಡಬ್ಲಿನ್ನಿನ ‘ಲಂಕಮ್’ ತಂಡ ಅದೇ ಹಳೆಯ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುತ್ತಿದೆ. ಅವರ 2023ರ ‘ಫಾಲ್ಸ್ ಲಂಕಮ್’ ಸಂಪುಟದಲ್ಲಿ ರಾಕ್‌ನಿಂದ ಬಂದದ್ದು ಮೀಟಲ್ಲ, ಗುಂಯ್‌ಗುಡುವ ಭಾರವಾದ ನಾದ. ಲನ್ನಿಯವರು ಲಯವನ್ನು ಬಲಪಡಿಸಿದ ಜಾಗದಲ್ಲಿ ಇವರು ಪೈಪ್ಸ್, ಹಾರ್ಮೋನಿಯಂ, ಕನ್ಸರ್ಟಿನಾಗಳ ಆಧಾರಸ್ವರವನ್ನು ನಿಮಿಷಗಟ್ಟಲೆ ಹಿಗ್ಗಿಸಿ, ಅದರ ಮೇಲೆ ಹಾಡನ್ನು ಬಹಳ ನಿಧಾನವಾಗಿ ಇಡುತ್ತಾರೆ. ಬುಝೂಕಿಯ ಓಟ ಅಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ, ಆದರೆ ಗಾಂಧಾರವನ್ನು ಮಟ್ಟಿಗೇ ಬಿಟ್ಟುಕೊಡುವ ಷಡ್ಜ-ಪಂಚಮಗಳ ನೆಲ ಹಾಗೆಯೇ ಉಳಿದಿದೆ.